ನೋವರಿಯದ ನಾಯಕ

ಒಮ್ಮೆ ಜನಮನ ಗೆದ್ದ ಹೆಸರನ್ನು ಮತ್ತೆ ಮತ್ತೆ ಮಾರುಕಟ್ಟೆಗೆ ತರಬೇಕೆಂಬ ಆಸೆ ವ್ಯಾಪಾರಕ್ಕೆ ಸಹಜವಾದುದು. ಆ ಹೆಸರಿನ ಹಿಂದಿದ್ದ ಸತ್ತ್ವ ಬತ್ತಿಹೋದ ಮೇಲೆಯೂ ಆಸೆ ಬತ್ತುವುದಿಲ್ಲ. ಇದಕ್ಕೆ ಅಮೆರಿಕದ ‘ಡೈ ಹಾರ್ಡ್’ ಎಂಬ ಪೋಲೀಸ್ ಚಿತ್ರಮಾಲೆಯು ಒಳ್ಳೆಯ ನಿದರ್ಶನ. ಹೊಡೆದಾಟದ ಚಿತ್ರಗಳ ವಿಚಾರ ಸಂಸಾರವಂದಿಗರಿಗೇಕೆ ಎಂದು ಹಿರಿಯರು ಕೇಳಬಹುದು. ಇಂತಹ ಚಿತ್ರಗಳು ಇಂದು ಚಿತ್ರಮಂದಿರವನ್ನು ದಾಟಿ ಮನೆಯ ಪಡಸಾಲೆಗೇ ಬಂದು ಕುಳಿತಿವೆ. ನೋಡುವವರು ವಿವೇಚಿಸಿ ನೋಡಲಿ ಎಂಬುದಷ್ಟೇ ನಮ್ಮ ಆಶಯ.

ಮೊದಲ ಚಿತ್ರವು 1988ರಲ್ಲಿ ಜಾನ್ ಮೆಕ್‌ಟಿಯರ್ನನ್ ಅವರ ನಿರ್ದೇಶನದಲ್ಲಿ ತೆರೆಕಂಡಿತು. ನ್ಯೂಯಾರ್ಕಿನ ಪೋಲೀಸ್ ಅಧಿಕಾರಿ ಜಾನ್ ಮೆಕ್‌ಕ್ಲೇನ್, ಮುನಿಸಿನಿಂದ ದೂರವಾದ ಹೆಂಡತಿಯನ್ನು ಕಾಣಲು ಕ್ರಿಸ್‌ಮಸ್ ಹಿಂದಿನ ದಿನ ಲಾಸ್ ಏಂಜಲೀಸಿಗೆ ಬರುತ್ತಾನೆ. ಆಕೆ ಉದ್ಯೋಗದಲ್ಲಿರುವ ಬಹುಮಹಡಿ ಕಟ್ಟಡವನ್ನು ಶಸ್ತ್ರಧಾರಿಗಳಾದ ದರೋಡೆಕೋರರು ವಶಪಡಿಸಿಕೊಳ್ಳುತ್ತಾರೆ. ಆ ಗಳಿಗೆಯಲ್ಲಿ ಅವನ ಕಾಲಲ್ಲಿ ಪಾದರಕ್ಷೆಯೂ ಇಲ್ಲ. ಒಡೆದ ಗಾಜಿನ ಮೇಲೆ ಬರಿಗಾಲಲ್ಲಿ ಓಡಿ, ಪಾದಗಳಿಂದ ರಕ್ತ ಸುರಿಸುತ್ತ, ತಾನು ಬದುಕಿ ಉಳಿಯಲಾರೆನೆಂದು ಭಾವಿಸಿ, ಹೊರಗಿರುವ ಪೋಲೀಸನೊಬ್ಬನಿಗೆ ವೈರ್‌ಲೆಸ್‌ನಲ್ಲಿ ತನ್ನ ಮನದಳಲನ್ನು ಹೇಳಿಕೊಳ್ಳುತ್ತಾನೆ. ಹೆಂಡತಿಗೆ ಪ್ರೀತಿಯ ಮಾತನ್ನು ಎಷ್ಟೋ ಬಾರಿ ಹೇಳಿದ್ದರೂ ಕ್ಷಮೆಯ ಮಾತನ್ನು ಒಮ್ಮೆಯೂ ಹೇಳಿರಲಿಲ್ಲವೆಂಬುದು ಅವನ ಸಂಕಟ. ಕೇಳುತ್ತಿದ್ದ ಪೋಲೀಸನದು ಬೇರೊಂದು ಸಂಕಟ: ಆಟಿಕೆಯ ಬಂದೂಕು ಹಿಡಿದಿದ್ದ ಹದಿಮೂರರ ಬಾಲಕನನ್ನು ತಪ್ಪು ತಿಳಿದು ಗುಂಡಿಟ್ಟು, ಅಂದಿನಿಂದ ಆಯುಧ ಎತ್ತಲಾಗದ ನೋವು.

ಗುಂಡಿನ ಸದ್ದಿನ ನಡುವೆ ಕೇಳಿಬಂದ ಈ ಮನುಷ್ಯ ದನಿಯೇ ಆ ಚಿತ್ರದ ಜೀವಾಳ. ನಾಯಕನು ಅಜೇಯನೆಂದು ಜನರು ಅವನನ್ನು ಮೆಚ್ಚಿದ್ದಲ್ಲ. ಹೆದರಿಯೂ, ನೊಂದೂ ಹಿಂಜರಿಯಲಿಲ್ಲವೆಂದು ಮೆಚ್ಚಿದರು.

ಬಳಿಕ 1990, 1995 ಮತ್ತು 2007ರಲ್ಲಿ ಮೂರು ಚಿತ್ರಗಳು ಬಂದವು. ಕಟ್ಟಡವೊಂದರ ಕಥೆ ವಿಮಾನ ನಿಲ್ದಾಣಕ್ಕೆ, ಅಲ್ಲಿಂದ ಇಡೀ ನಗರಕ್ಕೆ, ಕಡೆಗೆ ಇಡೀ ದೇಶಕ್ಕೆ ಹಬ್ಬಿತು. ರಂಗ ಹಿರಿದಾದಂತೆಲ್ಲ ಮನುಷ್ಯ ಕಿರಿದಾದ. ಐದನೆಯದಾದ ‘ಎ ಗುಡ್ ಡೇ ಟು ಡೈ ಹಾರ್ಡ್’ 2013ರ ಫೆಬ್ರವರಿಯಲ್ಲಿ ಬಂದಾಗ ಈ ಇಳಿತ ಪೂರ್ಣಗೊಂಡಿತು. ಜಾನ್ ಮೂರ್ ಅದರ ನಿರ್ದೇಶಕರು. ಸೆರೆಯಾದ ಮಗನನ್ನು ಅರಸಿ ತಂದೆ ಮಾಸ್ಕೋ ನಗರಕ್ಕೆ ಹೋಗುತ್ತಾನೆ. ಮಗನು ಅಮೆರಿಕದ ಗುಪ್ತಚರನೆಂದು ಅಲ್ಲಿ ತಿಳಿಯುತ್ತದೆ. ಮುಂದೆ ವಾಹನಗಳ ನುಚ್ಚುನೂರು, ಹೆಲಿಕಾಪ್ಟರ್ ದಾಳಿ, ಎತ್ತರದ ಕಟ್ಟಡದಿಂದ ಜಿಗಿತ. ಇಷ್ಟಾದರೂ ತಂದೆಮಕ್ಕಳು ಮೈಕೊಡವಿಕೊಂಡು ಏಳುತ್ತಾರೆ. 1986ರ ಅಣು ದುರಂತದಿಂದ ನಿರ್ಜನವಾದ ಚೆರ್ನೋಬಿಲ್ ಪ್ರದೇಶವನ್ನು ಯಾವ ರಕ್ಷಾಕವಚವೂ ಇಲ್ಲದೆ ಹೊಗುತ್ತಾರೆ. ವಿಕಿರಣದ ಭಯವನ್ನು ಕಥೆಗಾರರು ಯಾವುದೋ ರಾಸಾಯನಿಕ ಸಿಂಪಡಿಸಿ ನಿವಾರಿಸಿಬಿಡುತ್ತಾರೆ! ಅಂದು ಗಾಜಿನ ಚೂರಿಗೆ ನಲುಗಿದ ಪಾದಗಳು ಇಂದು ಅಣುವಿಗೂ ಅಂಜವು. ನೋವಿಲ್ಲದ ಕಡೆ ಧೈರ್ಯಕ್ಕೆ ಅರ್ಥವೇನು?

ನಮಗೆ ಹೆಚ್ಚು ಖೇದ ತರುವ ಸಂಗತಿ ಇನ್ನೊಂದಿದೆ. ಮೊದಲ ಚಿತ್ರಕ್ಕೆ ಮೂಲವಾದ ರೋಡ್ರಿಕ್ ಥಾರ್ಪ್ ಅವರ 1979ರ ಕಾದಂಬರಿಯಲ್ಲಿ ನಾಯಕನು ನಿವೃತ್ತನಾದ ವೃದ್ಧ ಪೋಲೀಸ್. ಅವನು ಕಾಣಲು ಬಂದದ್ದು ಮಗಳನ್ನು. ವಯಸ್ಸಾದ ತಂದೆ ಮತ್ತು ದೂರವಾದ ಮಗು ಎಂಬ ವಸ್ತುವು ಮೂಲದಲ್ಲಿಯೇ ಇತ್ತೆಂದಾಯಿತು. ಐದನೆಯ ಚಿತ್ರಕ್ಕೆ ಅದೇ ವಸ್ತು ಮತ್ತೆ ಒದಗಿಬಂದಿತ್ತು. ಮಗನು ತಂದೆಯನ್ನು ಅಪ್ಪನೆನ್ನದೆ ಹೆಸರು ಹಿಡಿದು ಕರೆಯುತ್ತಾನೆ. ಹೊತ್ತುಗೊತ್ತಿಲ್ಲದ ಕೆಲಸದಲ್ಲಿ ಮಕ್ಕಳ ಬಾಲ್ಯವನ್ನೇ ಕಾಣದ ತಂದೆಯರು ಯಾವ ದೇಶದಲ್ಲಿಲ್ಲ? ಅಂತಹ ತಂದೆಯ ಪಶ್ಚಾತ್ತಾಪಕ್ಕೆ ಚಿತ್ರವು ನಾಲ್ಕು ಮಾತುಗಳನ್ನಷ್ಟೇ ಮೀಸಲಿಟ್ಟು ಮತ್ತೆ ಬಂದೂಕಿಗೆ ಕೈಹಾಕುತ್ತದೆ. ಒಟ್ಟಾಗಿ ಶತ್ರುಗಳನ್ನು ಕೊಂದರೆ ತಂದೆಮಕ್ಕಳು ಒಂದಾದರೆಂಬುದೇ ಅದರ ತೀರ್ಮಾನ. ಮುನಿದ ಮಕ್ಕಳನ್ನು ಒಲಿಸಿಕೊಂಡ ಯಾವ ತಾಯಿತಂದೆಯೂ ಇದನ್ನು ಒಪ್ಪಲಾರರು. ಅಲ್ಲಿ ಬೇಕಾದುದು ಕಾಲ, ತಾಳ್ಮೆ ಮತ್ತು ಬಾಗಿದ ತಲೆ.

ಈ ಚಿತ್ರವು ಲೋಕದಾದ್ಯಂತ 30 ಕೋಟಿ ಡಾಲರುಗಳಿಗೂ ಮಿಕ್ಕಿ ಗಳಿಸಿತು. ವಿಮರ್ಶಕರು ಹಳಿದರೂ ಹೆಸರು ತನ್ನ ಬೆಲೆಯನ್ನು ವಸೂಲು ಮಾಡಿತು. ಆದರೆ ನಾಯಕನಟ ಬ್ರೂಸ್ ವಿಲ್ಲಿಸ್ ಅನಾರೋಗ್ಯದ ಕಾರಣ ನಟನೆಯಿಂದ ನಿವೃತ್ತರಾಗುತ್ತಿರುವರೆಂದು 2022ರಲ್ಲಿ ಅವರ ಕುಟುಂಬದವರು ತಿಳಿಸಿದರು. ಅದು ಡಿಮೆನ್ಷಿಯಾದ ಒಂದು ಬಗೆಯೆಂದು 2023ರಲ್ಲಿ ಪ್ರಕಟವಾಯಿತು. ಹೀಗಾಗಿ ಆ ನೀರಸ ಚಿತ್ರವೇ ಮಾಲೆಯಲ್ಲಿ ಅವರ ಕಡೆಯದಾಗಿ ಉಳಿಯಿತು. 1988ರಲ್ಲಿ ಮೂವತ್ತಮೂರರ ಪ್ರಾಯದವರಾಗಿದ್ದ ಅವರು 2013ರಲ್ಲಿ ಐವತ್ತೆಂಟರ ಹೊಸ್ತಿಲಲ್ಲಿದ್ದರು. ಆ ವಯಸ್ಸನ್ನು ಮರೆಮಾಚದೆ ದಣಿದ, ನೊಂದ, ಮಗನೆದುರು ಸೋಲಲು ಸಿದ್ಧನಾದ ತಂದೆಯನ್ನು ತೋರಿಸಿದ್ದರೆ ಕಲಾವಿದನಿಗೆ ಗೌರವದ ವಿದಾಯ ದೊರೆಯುತ್ತಿತ್ತು.

ಮೊದಲ ಚಿತ್ರದಲ್ಲಿಯೂ ಹಿಂಸೆ, ಒರಟು ಮಾತು ವಿಪುಲವಾಗಿರುವುದರಿಂದ ಎಳೆಯ ಮಕ್ಕಳಿಗೆ ಅದು ತಕ್ಕುದಲ್ಲ. ಪ್ರಾಯಕ್ಕೆ ಬಂದ ಮಕ್ಕಳು ಇಂತಹ ಚಿತ್ರಗಳನ್ನು ನೋಡಿದಾಗ, ನಾಯಕನು ಎಷ್ಟು ಜನರನ್ನು ಹೊಡೆದನೆಂದು ಎಣಿಸುವ ಬದಲು ಅವನು ಯಾರಿಗಾಗಿ ನೊಂದನೆಂದು ಅವರನ್ನು ಕೇಳಿರಿ. ಉತ್ತರ ದೊರೆಯದಿದ್ದರೆ ಆ ಚಿತ್ರದಲ್ಲಿ ಉಳಿದಿರುವುದು ಹೆಸರೊಂದೇ ಎಂದು ಅವರೇ ತಿಳಿದುಕೊಂಡಾರು.