ಬಿಡದಿ ಬಸ್ಸು ಹತ್ತುವ ಮುನ್ನ

ಸಂಸೆ, ಕಳಸದ ಕಡೆ ಐಟಿಐ ಮುಗಿಸಿದ ಹುಡುಗನಿಗೆ ಆಸುಪಾಸಿನಲ್ಲಿ ದೊಡ್ಡ ಕಾರ್ಖಾನೆ ಯಾವುದಿದೆ ಹೇಳಿ? ಕುದುರೆಮುಖದ ಗಣಿಯೊಂದಿತ್ತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಅದೂ ನಿಂತಿತು. ಇನ್ನು ತಿಂಗಳ ಸಂಬಳದ ಕೆಲಸ ಬೇಕೆಂದರೆ ಬೆಂಗಳೂರು, ಬಿಡದಿ ಎಂದು ಗಂಟುಮೂಟೆ ಕಟ್ಟಬೇಕು.

ಬಿಡದಿಯಲ್ಲಿ 1999ರಿಂದ ಟೊಯೊಟಾ ಕಾರು ತಯಾರಾಗುತ್ತಿದೆ. 'ಅಲ್ಲೆಲ್ಲಾ ರೋಬೋ ಬಂದಿದೆ ಮಾರಾಯ್ರೆ, ಇನ್ನು ಮನುಷ್ಯನಿಗೆ ಏನು ಕೆಲಸ?' ಎನ್ನುವವರಿದ್ದಾರೆ. ಇದು ಅರ್ಧ ಸತ್ಯ.

ಕಾರು ಕಾರ್ಖಾನೆಗಳಲ್ಲಿ ಯಂತ್ರದ ತೋಳು ಹೆಚ್ಚಾಗಿ ಹಿಡಿದದ್ದು ವೆಲ್ಡಿಂಗ್ ಮತ್ತು ಬಣ್ಣದ ಕೆಲಸವನ್ನು. ಕಿಡಿ, ಹೊಗೆ, ಬಣ್ಣದ ಘಾಟು ಕುಡಿಯುವುದು ತಪ್ಪಿದರೆ ಒಳ್ಳೆಯದೇ. ಆದರೆ ವೈರು ಎಳೆಯುವುದು, ಡ್ಯಾಷ್‌ಬೋರ್ಡ್, ಸೀಟು ಕೂರಿಸುವುದು ಇಂದಿಗೂ ಬಹುಪಾಲು ಮನುಷ್ಯರ ಕೈಯದೇ. ಹಾಗಾಗಿ ಕೆಲಸ ಪೂರ್ತಿ ಹೋಗಿಲ್ಲ; ತುಟ್ಟಿಯಾಗಿದೆ. 2023ರ ನವೆಂಬರಿನಲ್ಲಿ ಬಿಡದಿಯ ಮೂರನೇ ಘಟಕಕ್ಕೆ ಸರ್ಕಾರದೊಂದಿಗೆ ಒಪ್ಪಂದವಾಯಿತು. ಬಂಡವಾಳ ಸುಮಾರು 3,300 ಕೋಟಿ ರೂಪಾಯಿ, ಹೇಳಿದ ಉದ್ಯೋಗ ಸುಮಾರು 2,000. ಭಾಗಿಸಿ ನೋಡಿ: ಒಂದು ಕೆಲಸಕ್ಕೆ 1 ಕೋಟಿ 65 ಲಕ್ಷ! ಕೋಟಿಗಳ ಲೆಕ್ಕ ಕೇಳಿ ಚಪ್ಪಾಳೆ ತಟ್ಟುವ ನಮ್ಮ ಮುಖಂಡರು ಈ ಭಾಗಾಕಾರ ಮಾಡುವುದಿಲ್ಲ.

ಇನ್ನರ್ಧ ಸತ್ಯ ಉಳಿದವರ ಪಾಡಿನದು. ಸಾಲಿನಲ್ಲಿ ಕಾರು ನಿಲ್ಲದೆ ಮುಂದೆ ಹೋಗುತ್ತಿರುತ್ತದೆ. ಇಷ್ಟು ಸೆಕೆಂಡಿನಲ್ಲಿ ನಿಮ್ಮ ಪಾಲಿನ ಕೆಲಸ ಮುಗಿಯಬೇಕು. ಯಂತ್ರಕ್ಕೆ ಸೊಂಟ ನೋಯುವುದಿಲ್ಲ, ನಮ್ಮ ಹುಡುಗನಿಗೆ ನೋಯುತ್ತದೆ. ಅಮೆರಿಕದ ಲಾರ್ಡ್ಸ್‌ಟೌನ್‌ನಲ್ಲಿ ಜನರಲ್ ಮೋಟರ್ಸ್ ಕಂಪನಿ ವೆಲ್ಡಿಂಗ್ ರೋಬೋ ತಂದು ಸಾಲಿನ ವೇಗ ಏರಿಸಿತು; 1972ರಲ್ಲಿ ಅಲ್ಲಿ ಮುಷ್ಕರವಾಯಿತು. 2020ರ ನವೆಂಬರಿನಲ್ಲಿ ಬಿಡದಿಯಲ್ಲೂ ಮುಷ್ಕರ, ಲಾಕೌಟ್ ಆದವು. ಕೆಲಸದ ಹೊರೆ ಮಿತಿಮೀರಿದೆ ಎಂದಿತು ಕಾರ್ಮಿಕ ಸಂಘ. ಅಶಿಸ್ತು ಎಂದಿತು ಆಡಳಿತ ಮಂಡಳಿ. ಮೂರು ಸಾವಿರಕ್ಕೂ ಹೆಚ್ಚು ಕಾರ್ಮಿಕರ ಮನೆಗೆ ಅದರ ಬಿಸಿ ತಟ್ಟಿತು. ಅಲ್ಲಿ ಜಗಳ ರೋಬೋ ಬೇಕೋ ಬೇಡವೋ ಎಂದಲ್ಲ, ಮೈ ಎಷ್ಟು ತಾಳಬೇಕು ಎಂದು.

ಇದು ತೋಟದವರಿಗೆ ಹೊಸತಲ್ಲ. ಕಳೆ ಹೊಡೆಯುವ ಮೆಷಿನ್ ಬಂದ ಮೇಲೆ ನಾಲ್ಕಾರು ಆಳಿನ ಕೆಲಸ ಒಬ್ಬನಿಗೆ ಬಿತ್ತು. ದಿನವಿಡೀ ಹೆಗಲಿಗೆ ಅದರ ಅದುರು, ಕಿವಿಗೆ ಅದರ ಸದ್ದು. ಉಳಿದ ಕೂಲಿಯಲ್ಲಿ ಅವನ ಪಾಲೆಷ್ಟು ಎಂದು ಕೇಳಿದವರುಂಟೇ?

ಆದ್ದರಿಂದ ಹುಡುಗನನ್ನು ಕಳಿಸುವ ಅಪ್ಪ-ಅಮ್ಮ 'ಸಂಬಳ ಎಷ್ಟು?' ಎಂದಷ್ಟೇ ಕೇಳಿದರೆ ಸಾಲದು. ಕೆಲಸ ಕಾಯಂ ಆಗುವುದೋ, ಗುತ್ತಿಗೆಯದೋ, ಅಪ್ರೆಂಟಿಸೋ? 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಎಂದರೆ ಕಲಿಯುವವನು, ಕಾರ್ಮಿಕನಲ್ಲ. ಸಾಲಿನಲ್ಲಿ ಕಾಯಂ ನೌಕರನ ಪಕ್ಕದಲ್ಲೇ ನಿಂತರೂ ಅವನ ಹಕ್ಕು ಇವನಿಗಿಲ್ಲ. ಅವಧಿ ಮುಗಿದ ಮೇಲೆ ಏನು ಎಂಬುದನ್ನು ಕಾಗದದಲ್ಲೇ ನೋಡಿಕೊಳ್ಳಬೇಕು. ನಮ್ಮ ಐಟಿಐಗಳೂ ಫಿಟ್ಟರ್, ವೆಲ್ಡರ್ ಪಾಠಕ್ಕೆ ನಿಲ್ಲದೆ ರೋಬೋ ಕೆಟ್ಟರೆ ರಿಪೇರಿ ಮಾಡುವುದನ್ನು ಕಲಿಸಲಿ. ಯಂತ್ರದ ವೇಗಕ್ಕೆ ಓಡುವವನಿಗಿಂತ ಅದನ್ನು ದುರಸ್ತಿ ಮಾಡಬಲ್ಲವನ ಮಾತಿಗೆ ಕಾರ್ಖಾನೆಯಲ್ಲಿ ತೂಕ ಹೆಚ್ಚು.