ಒದ್ದೆ ಕೈ, ಹರಿಯುವ ಕರೆಂಟು

ಒಣಗಿದ ಡಿಎನ್‌ಎ ಎಳೆಯಲ್ಲಿ ವಿದ್ಯುತ್ ಹರಿಯುವುದು ತೀರಾ ಕಡಿಮೆ. ಗಾಳಿಯ ತೇವ ಏರಿದಂತೆ ನೀರಿನ ಅಣುಗಳು ಎಳೆಗೆ ಅಂಟಿಕೊಂಡು, ಅದರ ವಾಹಕತೆ ಹಲವು ಪಟ್ಟು ಹೆಚ್ಚುತ್ತದೆ. ನಮ್ಮ ದೇಹದ ಸ್ಥಿತಿಯೂ ಹೆಚ್ಚು ಬೇರೆಯಲ್ಲ: ಚರ್ಮ ಒಣಗಿದ್ದಾಗ 1,00,000 ಓಮ್‌ವರೆಗೆ ಇರುವ ಪ್ರತಿರೋಧ, ಒದ್ದೆಯಾದಾಗ 1,000 ಓಮ್‌ಗೆ ಇಳಿಯಬಹುದು. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿಯಲ್ಲಿ ಕಬ್ಬಿಗೆ ನೀರು ಬಿಡಲು ರಾತ್ರಿ ಕೆಸರಿನಲ್ಲಿ ನಿಂತು ಪಂಪ್‌ಸೆಟ್ ಸ್ಟಾರ್ಟರ್ ಒತ್ತುವ ರೈತನ ಪ್ರಾಣ ಈ ಲೆಕ್ಕದ ಮೇಲೆ ನಿಂತಿದೆ. 2019ರಂತೆ ಘಟಪ್ರಭೆ ನದಿ ಉಕ್ಕಿ ಊರಿಗೆ ನುಗ್ಗಿದರೆ ಅಪಾಯ ಮನೆಯೊಳಗೇ ಬರುತ್ತದೆ. ಇಲ್ಲಿ ವಿದ್ಯುತ್ ಪೂರೈಸುವ ಹೆಸ್ಕಾಂ ಮತ್ತು 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಮಳೆಗೆ ಮುನ್ನವೇ ಜೋತುಬಿದ್ದ ತಂತಿ ಬಿಗಿಯಲಿ, ಅರ್ಥಿಂಗ್ ಪರೀಕ್ಷಿಸಲಿ. ರೈತ ಬಾಂಧವರೇ, ಒದ್ದೆ ಕೈಯಲ್ಲಿ ಸ್ಟಾರ್ಟರ್ ಮುಟ್ಟಬೇಡಿ.