ಬಿಚ್ಚಿಟ್ಟ ಕರಡಿಗೆ

ನಮ್ಮ ಕುದೇರು ಸೀಮೆಯ ಕೆಲವು ಮನೆಗಳಲ್ಲಿ ಮಗುವಿನ ಲಿಂಗಧಾರಣೆ, ನಾಮಕರಣ, ದಾಸೋಹ ಮುಗಿದ ಸಂಜೆಯೇ ಗಂಡಸರು ಬೈಕುಗಳನ್ನೇರಿ ಚಾಮರಾಜನಗರದ ಬಾರುಗಳಿಗೆ ಹೊರಡುವುದುಂಟು. ಹೊರಡುವ ಮುನ್ನ ಕೊರಳ ಕರಡಿಗೆಯನ್ನು ತೆಗೆದು ಗೂಟಕ್ಕೆ ತೂಗುಹಾಕುತ್ತಾರೆ. ಇದನ್ನು ಭಕ್ತಿಯೆನ್ನಲೇ? ಬೆಳಿಗ್ಗೆ ಮಗುವಿಗೆ ಕಟ್ಟಿಸಿದುದನ್ನು ಸಂಜೆ ತಂದೆಯೇ ಬಿಚ್ಚಿಡುತ್ತಾನೆ!

12ನೆಯ ಶತಮಾನದ ಹೆಂಡದ ಮಾರಯ್ಯನವರು ಹೆಂಡ ಮಾರುವ ಕಾಯಕದವರು. ಆ ಕಾಯಕದ ಮಾತುಗಳಲ್ಲಿಯೇ ತತ್ತ್ವವನ್ನು ಹೇಳಿ, ಧರ್ಮೇಶ್ವರಲಿಂಗವೆಂಬ ಅಂಕಿತವಿಟ್ಟು ವಚನಗಳನ್ನು ರಚಿಸಿದರು. ಹೆಂಡದ ಮಡಕೆಯ ಮುಂದೆಯೂ ಲಿಂಗವನ್ನು ಮರೆಯದವರವರು. ನಾವೋ ಗೂಟ ಹುಡುಕುತ್ತೇವೆ.

ಸರ್ಕಾರವು 2007ರ ಜುಲೈಯಲ್ಲಿ ಸಾರಾಯಿಯನ್ನು ನಿಷೇಧಿಸಿತು, ಬಾರುಗಳು ಉಳಿದವು. ಕಾನೂನಿಗಾಗಿ ಕಾಯುವುದು ಬೇಡ. ಅತ್ತ ಬಾಣಂತಿ ಕೂಸನ್ನು ಮಲಗಿಸಿ, ಬೈಕಿನ ಸದ್ದಿಗೆ ಕಿವಿಗೊಟ್ಟು ನಡುರಾತ್ರಿಯವರೆಗೆ ಎಚ್ಚರವಿರುತ್ತಾಳೆ. ಮುಂದಿನ ನಾಮಕರಣದಂದು ಮನೆಯ ಹಿರಿಯರು ಬೈಕಿನ ಕೀಲಿಕೈಗಳನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಲಿ.